ಸಣ್ಣಕ್ಷರದ ಪುಟಗಳು

ನಮ್ಮ ಮಾವ ಪತ್ರಿಕೆಯನ್ನು ಹಿಂದಿನ ಪುಟದಿಂದ ಓದುತ್ತಿದ್ದ. ಮುಖಪುಟದ ಬಣ್ಣದ ಚಿತ್ರ, ಒಳಗಿನ ದೊಡ್ಡ ಪಂದ್ಯದ ವರದಿ, ಜಗಜಟ್ಟಿಗಳ ಮಾತುಕತೆ ಎಲ್ಲ ಆಮೇಲೆ. ಮೊದಲು ಕೊನೆಯ ಹಾಳೆಗಳು. ಅಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಊರು, ತಾರೀಖು, ಇಬ್ಬರ ಹೆಸರು, ಎಷ್ಟನೇ ಸುತ್ತಿನಲ್ಲಿ ಏನಾಯಿತು ಎಂಬ ಪಟ್ಟಿ ಇರುತ್ತಿತ್ತು. ಜಗಲಿಯ ಬಿಸಿಲಿನಲ್ಲಿ ಕೂತು, ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ಕರೆಯುತ್ತಿದ್ದ. “ಇವನ್ನ ನೋಡಮ್ಮಿ. ಸಾಲಾಗಿ ಏಳು ಸಲ ಸೋತವ್ನೆ. ಎಂಟನೇದಕ್ಕೂ ಬಂದವ್ನೆ.”

ಮಾವ ಎಂದರೆ ಅಮ್ಮನ ತಮ್ಮ. ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. 1953ರಲ್ಲಿ ಅಲ್ಲಿ ಯಂತ್ರಗಳ ಕಾರ್ಖಾನೆ ಬಂತು, ಮರುವರ್ಷ ಬಿಇಎಲ್, 1961ರಲ್ಲಿ ಗಡಿಯಾರದ್ದು. ಶೆಟ್ಟಿಹಳ್ಳಿ, ಅಬ್ಬಿಗೆರೆ, ಮಲ್ಲಸಂದ್ರದಂಥ ರಾಗಿ ಹೊಲದ ಊರುಗಳ ಹುಡುಗರು ಸೈರನ್ನಿಗೆ ಸರಿಯಾಗಿ ಸೈಕಲ್ ತುಳಿಯತೊಡಗಿದರು. ಮಾವನದು ಕಣ್ಣಿನ ಕೆಲಸ. ವಾಚಿನವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಲೆನ್ಸು ಹಾಕಿಕೊಂಡು ಕೂದಲೆಳೆಯಂಥ ಸ್ಪ್ರಿಂಗು, ಎಳ್ಳಿನಂಥ ತಿರುಪು ಕೂರಿಸುವುದು. ಮನೆಯಲ್ಲೂ ಅಂಥದ್ದೊಂದು ಹಳೆಯ ಲೆನ್ಸು ಇಟ್ಟುಕೊಂಡಿದ್ದ. ಬಾಕ್ಸಿಂಗ್ ಪತ್ರಿಕೆಯ ಕೊನೆಯ ಪುಟಗಳನ್ನು ಓದುತ್ತಿದ್ದದ್ದು ಅದರಲ್ಲೇ. ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಲೆನ್ಸು ಕಚ್ಚಿಸಿ, ಹಾಳೆಯನ್ನು ಮೂಗಿನ ತುದಿಗೆ ತಂದುಕೊಂಡಿದ್ದ ಮಾವನ ಮುಖ ನನ್ನ ನೆನಪಿನಲ್ಲಿ ಇರುವುದು ಹಾಗೆಯೇ, ಅರ್ಧ.

ಪತ್ರಿಕೆಗಳು ಮೂವತ್ತೊಂದು. ನಮ್ಮ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದ ವಾಯುಪಡೆಯ ಕಾರ್ಪೋರಲ್ ಒಬ್ಬರು ಮಾವನಿಗೆ ಗ್ಲೌಸ್ ಹಾಕಲು ಕಲಿಸಿದವರು. ವರ್ಗವಾಗಿ ಹೊರಟಾಗ ಕಟ್ಟನ್ನೂ ಗ್ಲೌಸನ್ನೂ ಕೊಟ್ಟು ಹೋದರು. ಬಹುಪಾಲು ಅಮೆರಿಕದ ‘ದಿ ರಿಂಗ್’, ನಾಲ್ಕೈದು ಲಂಡನ್ನಿನ ‘ಬಾಕ್ಸಿಂಗ್ ನ್ಯೂಸ್’. ಎಲ್ಲ ಅದಾಗಲೇ ಹತ್ತು ಕೈ ದಾಟಿ ಬಂದವು. ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆಗೆ ಕಂದು ಕಲೆ ಇಳಿದಿತ್ತು. ಅಜ್ಜಿ ಹುಳ ಹಿಡಿಯದಿರಲೆಂದು ಬೇವಿನ ಸೊಪ್ಪು ಇಟ್ಟು, “ಈ ಗುದ್ದಾಟದ ಪುಸ್ತಕಕ್ಕೂ ಸೊಪ್ಪು ದಂಡ” ಅನ್ನುತ್ತಿದ್ದಳು. ಆದರೂ ಪ್ರತಿವರ್ಷ ಇಡುತ್ತಿದ್ದಳು.

‘ದಿ ರಿಂಗ್’ ಶುರುವಾದದ್ದು 1922ರ ಫೆಬ್ರವರಿಯಲ್ಲಿ, ನ್ಯೂಯಾರ್ಕಿನಲ್ಲಿ. ಅದನ್ನು ಕಟ್ಟಿದ ನ್ಯಾಟ್ ಫ್ಲೈಶರ್ 1972ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ಐವತ್ತು ವರ್ಷ, ಅದನ್ನು ನಡೆಸಿದರು. ಬಾಕ್ಸರುಗಳಿಗೆ ಕ್ರಮಾಂಕ ಕೊಡುವ ಪದ್ಧತಿಯನ್ನು ಅದು 1920ರ ದಶಕದಲ್ಲೇ ಹಾಕಿಕೊಂಡಿತು. ಬಾಕ್ಸಿಂಗ್‌ನ ಬೈಬಲ್ ಎಂದು ಜನ ಅದನ್ನು ಕರೆದರು. ಆದರೆ ಫ್ಲೈಶರ್ ಮಾಡಿದ ದೊಡ್ಡ ಕೆಲಸ ಎಂದರೆ ಲೆಕ್ಕ ಇಟ್ಟದ್ದು ಎಂದೇ ನನ್ನ ಎಣಿಕೆ. ಯಾವನೋ ಗಣಿಯ ಊರಿನಲ್ಲಿ, ಬಂದರಿನ ಶೆಡ್ಡಿನಲ್ಲಿ, ಇನ್ನೂರು ಜನರ ಮುಂದೆ ಗುದ್ದಿಸಿಕೊಂಡು ಬಿದ್ದವನಿಗೂ ಒಂದು ಸಾಲು. 1940ರ ದಶಕದಿಂದ ಆ ಸಾಲುಗಳೆಲ್ಲ ಸೇರಿ ವರ್ಷಕ್ಕೊಂದು ದಪ್ಪ ಪುಸ್ತಕವೇ ಆಗತೊಡಗಿತು. ಗೆದ್ದವನ ಹೆಸರು ಊರಿನ ಬಾಯಲ್ಲಿ ಹೇಗೋ ಉಳಿಯುತ್ತದೆ. ಸೋತವನು ಉಳಿಯಬೇಕಾದರೆ ಯಾರಾದರೂ ಕೂತು ಬರೆಯಬೇಕು.

ಆ ಪಟ್ಟಿಯಲ್ಲಿ ನನಗೆ ಬಹಳ ದಿನ ಅರ್ಥವಾಗದ ಒಂದು ಗುರುತಿತ್ತು: ಎನ್‌ಡಿ. ಗೆಲುವಲ್ಲ, ಸೋಲಲ್ಲ, ಸಮವೂ ಅಲ್ಲ. ಮಾವ ಅದನ್ನು ‘ತೀರ್ಪಿಲ್ಲ’ ಎಂದು ಕನ್ನಡಕ್ಕೆ ತಂದಿದ್ದ. 1911ರಿಂದ 1917ರವರೆಗೆ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಕಾನೂನಿತ್ತು. ಪಂದ್ಯ ನಡೆಸಬಹುದು, ಆದರೆ ಕೊನೆಯ ಗಂಟೆ ಹೊಡೆದಾಗ ಇಬ್ಬರೂ ನಿಂತೇ ಇದ್ದರೆ ಯಾರು ಗೆದ್ದರೆಂದು ರೆಫರಿ ಹೇಳುವಂತಿಲ್ಲ. ಬೇರೆ ಕೆಲವು ರಾಜ್ಯಗಳಲ್ಲೂ ಇಂಥದ್ದೇ ಕಟ್ಟಳೆ. ಜೂಜಿಗೂ ಮೋಸಕ್ಕೂ ಕಡಿವಾಣ ಹಾಕಲು ಮಾಡಿದ ಉಪಾಯ ಅದು. ಜೂಜು ನಿಲ್ಲಲಿಲ್ಲ. ಜನ ಮರುದಿನದ ಪತ್ರಿಕೆಗೆ ಕಾದರು. ವರದಿಗಾರ ಯಾರನ್ನು ಮೇಲೆಂದು ಬರೆದನೋ ಅವನೇ ಗೆದ್ದವನೆಂದು ದುಡ್ಡು ಕೈ ಬದಲಾಯಿಸಿತು. ದಾಖಲೆ ಪುಸ್ತಕದಲ್ಲಿ ಮಾತ್ರ ಎನ್‌ಡಿ ಎಂದೇ ಉಳಿಯಿತು.

ಮಾವನ ದೇವರು ಹ್ಯಾರಿ ಗ್ರೆಬ್. ಪಿಟ್ಸ್‌ಬರ್ಗಿನವನು. 1913ರಿಂದ 1926ರವರೆಗೆ, ಹದಿಮೂರೇ ವರ್ಷದಲ್ಲಿ, ಮುನ್ನೂರರ ಹತ್ತಿರ ಪಂದ್ಯ ಆಡಿದ. ಅರ್ಧಕ್ಕಿಂತ ಹೆಚ್ಚು ತೀರ್ಪಿಲ್ಲದವು. ಮುಂದೆ ಡೆಂಪ್ಸಿಯನ್ನೇ ಸೋಲಿಸಿ ಹೆವಿವೇಟ್ ಪಟ್ಟ ಏರಿದ ಜೀನ್ ಟನಿ ತನ್ನ ಬದುಕಿನಲ್ಲಿ ಸೋತದ್ದು ಒಬ್ಬನಿಗೇ, 1922ರ ಮೇ 23ರಂದು, ಈ ಗ್ರೆಬ್‌ಗೆ. ಅಷ್ಟು ದೊಡ್ಡವನ ಒಂದು ಪಂದ್ಯದ ಚಲನಚಿತ್ರವೂ ಉಳಿದಿಲ್ಲ. ತಾಲೀಮು ಮಾಡುವ ಚೂರುಪಾರು ಬಿಟ್ಟರೆ ಅವನು ಹೇಗೆ ಗುದ್ದುತ್ತಿದ್ದ, ಹೇಗೆ ತಪ್ಪಿಸಿಕೊಳ್ಳುತ್ತಿದ್ದ ಎಂದು ಇವತ್ತು ಯಾರೂ ನೋಡುವಂತಿಲ್ಲ. ನೋಡಿದವರು ಬರೆದಿಟ್ಟದ್ದಷ್ಟೇ ಇದೆ, ಮತ್ತೆ ಆ ಮುನ್ನೂರು ಸಾಲು. ಕೊನೆಯ ವರ್ಷಗಳಲ್ಲಿ ಗ್ರೆಬ್‌ನ ಬಲಗಣ್ಣು ಪೂರ್ತಿ ಹೋಗಿತ್ತು. ಯಾರಿಗೂ ಹೇಳದೆ ಒಂದೇ ಕಣ್ಣಲ್ಲಿ ಆಡಿದ. ಇದನ್ನು ಹೇಳುವಾಗ ಮಾವನ ದನಿ ಇಳಿಯುತ್ತಿತ್ತು.

ಅದಕ್ಕೆ ಕಾರಣ ನನಗೆ ಬಹಳ ತಡವಾಗಿ ಗೊತ್ತಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ತೀರ್ಪಿಲ್ಲದ ಪಂದ್ಯಗಳ ವಿಷಯ ಓದುವಾಗಲೆಲ್ಲ ನನಗೆ ಮೈಸೂರಿನ ಜಟ್ಟಿ ಕಾಳಗ ನೆನಪಾಗುತ್ತದೆ. ಮುಷ್ಟಿಕಾಳಗ ನಮಗೆ ಹೊರಗಿನಿಂದ ಬಂದದ್ದಲ್ಲ. ವಿಜಯದಶಮಿಯ ದಿನ, ಜಂಬೂಸವಾರಿಗೆ ಮುಂಚೆ, ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ವಜ್ರಮುಷ್ಟಿ ತೊಟ್ಟು ಎದುರಾಗುತ್ತಾರೆ. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರಿನ ಮನೆತನಗಳವರು. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಇಳಿದರೆ ಕಾಳಗ ಮುಗಿಯಿತು. ವಾದಕ್ಕೆ ಜಾಗವಿಲ್ಲ, ಪತ್ರಿಕೆಗೆ ಕಾಯಬೇಕಾಗಿಲ್ಲ. ನಿಮಿಷದೊಳಗೆ ಮುಗಿಯುವ ಈ ಕಾಳಗಕ್ಕೆ ತಿಂಗಳುಗಟ್ಟಲೆ ತಾಲೀಮು ಮಾಡಿದ ಇಬ್ಬರ ಹೆಸರನ್ನು ಸಾಲು ಸಾಲಾಗಿ ಬರೆದಿಟ್ಟ ಒಂದು ಪುಸ್ತಕ, ಇಂಥ ವರ್ಷ ಇಂಥವರ ಎದುರು ಇಂಥವರು ಎಂದು ಹೇಳುವ ಪುಸ್ತಕ, ನನ್ನ ಕೈಗೆ ಸಿಗಬೇಕು ಎಂಬ ಆಸೆ ನನಗೆ ಇವತ್ತಿಗೂ ಇದೆ. ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಅಮೆರಿಕದ ಕಪ್ಪು ಬಾಕ್ಸರ್ ಗನ್‌ಬೋಟ್ ಜಾಕ್ ಅವರದ್ದೂ ಹಾಗೆಯೇ. ಹಳಬರ ಬಾಯಲ್ಲಿ ಕಥೆಗಳು ಬೇಕಾದಷ್ಟು, ಒಂದರ ತಾರೀಖು ಇನ್ನೊಂದಕ್ಕೆ ಕೂಡುವುದಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಕೊಡಗಿನ ಚೇನಂಡ ಮಾಚಯ್ಯ ಹೋದಾಗ ಮಾವ ದಿನಪತ್ರಿಕೆಯ ಆಟದ ಪುಟವನ್ನು ಹುಡುಕಿ ಹುಡುಕಿ ಓದಿದ್ದ. ಸಿಕ್ಕಿದ್ದು ಚಿಕ್ಕ ಸುದ್ದಿ. “ಹೆಸರಾದ್ರೂ ಬಂತಲ್ಲ” ಅಂದ.

ಮೂವತ್ತೊಂದರಲ್ಲಿ ಮೊಹಮ್ಮದ್ ಅಲಿ ಮುಖಪುಟದಲ್ಲಿದ್ದ ಸಂಚಿಕೆಗಳಿಗೆ ಮಾತ್ರ ಮಾವ ಖಾಕಿ ಕಾಗದದ ರಟ್ಟು ಹಾಕಿದ್ದ. ಆದರೂ ಅಲಿಯ ವಿಷಯದಲ್ಲಿ ‘ದಿ ರಿಂಗ್’ ಮೇಲೆ ಅವನಿಗೆ ಒಂದು ಸಿಟ್ಟಿತ್ತು. ಸೈನ್ಯಕ್ಕೆ ಸೇರುವ ವಿಷಯದಲ್ಲಿ ಅಮೆರಿಕವೆಲ್ಲ ಅಲಿಯ ಮೇಲೆ ಕೆಂಡ ಕಾರುತ್ತಿದ್ದ 1966ರಲ್ಲಿ ಪತ್ರಿಕೆ ವರ್ಷದ ಬಾಕ್ಸರ್ ಪ್ರಶಸ್ತಿಯನ್ನು ಯಾರಿಗೂ ಕೊಡದೆ ಖಾಲಿ ಬಿಟ್ಟಿತು. ಹುಡುಗರಿಗೆ ಅವನು ಮಾದರಿಯಲ್ಲ ಎಂಬುದು ಅವರ ಮಾತು. ಮರುವರ್ಷ ಅವನು ಸೈನ್ಯಕ್ಕೆ ಬರುವುದಿಲ್ಲವೆಂದಾಗ ಬಾಕ್ಸಿಂಗ್ ಮಂಡಳಿಗಳು ಪಟ್ಟವನ್ನೇ ಕಿತ್ತುಕೊಂಡವು. ಆಗ ಫ್ಲೈಶರ್ ಒಪ್ಪಲಿಲ್ಲ. ಪಟ್ಟ ಹೋಗಬೇಕಾದದ್ದು ರಿಂಗಿನೊಳಗೆ ಎಂದು ಹಠ ಹಿಡಿದು, ತಮ್ಮ ಪಟ್ಟಿಯ ನೆತ್ತಿಯಲ್ಲಿ ಅಲಿಯ ಹೆಸರನ್ನು ಉಳಿಸಿದರು. ಪ್ರಶಸ್ತಿ ಕೊಡದ ಕೈಯೇ ಹೆಸರನ್ನು ಅಳಿಸಲೂ ಇಲ್ಲ. ಮಾವ ಮೊದಲನೆಯದಕ್ಕೆ ಬೈದು, ಎರಡನೆಯದಕ್ಕೆ ಕೈಮುಗಿಯುತ್ತಿದ್ದ. 1980ರಲ್ಲಿ ಅಲಿ ಮದ್ರಾಸಿಗೆ ಬಂದು ನೆಹರೂ ಕ್ರೀಡಾಂಗಣದಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದಾಗ ರಜೆ ಹಾಕಿ ಬೃಂದಾವನ ಎಕ್ಸ್‌ಪ್ರೆಸ್ ಹತ್ತಿದ. ದೂರದಿಂದ ಬಿಳಿ ಚಡ್ಡಿ ಕಂಡಿತಂತೆ. ಅಷ್ಟೇ ಸಾಕಾಯಿತಂತೆ.

ಅವನು ನಿಜವಾಗಿ ನೊಂದದ್ದು 1977ರಲ್ಲಿ. ಡಾನ್ ಕಿಂಗ್ ಎಂಬ ಪ್ರವರ್ತಕ ಅಮೆರಿಕದ ಟೆಲಿವಿಷನ್‌ಗಾಗಿ ನಡೆಸಿದ ಪಂದ್ಯಾವಳಿಗೆ ‘ದಿ ರಿಂಗ್’ ಬಾಕ್ಸರುಗಳ ದಾಖಲೆ ಒದಗಿಸಿತ್ತು. ಕೆಲವರ ಹೆಸರಿಗೆ ಆಡದ ಪಂದ್ಯಗಳ ಗೆಲುವುಗಳನ್ನು ಸೇರಿಸಿದ್ದು ಬಯಲಿಗೆ ಬಂತು. ಪಂದ್ಯಾವಳಿ ನಿಂತುಹೋಯಿತು. ಸುದ್ದಿ ಇಲ್ಲಿಗೆ ತಿಂಗಳುಗಳ ಮೇಲೆ ತಲುಪಿತು. ಮಾವ ಅಂದು ಊಟಕ್ಕೆ ಏಳಲಿಲ್ಲ. ಫ್ಲೈಶರ್ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ ಎಂದು ಅಮ್ಮನ ಮುಂದೆ ಹೇಳಿದ. ಫ್ಲೈಶರ್ ಯಾರೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಅವಳು ಮುದ್ದೆ ತಣ್ಣಗಾಗುತ್ತದೆ ಅಂದಳು. ಆಮೇಲೆ ನನಗೆ ಹೇಳಿದ: “ಸುಳ್ಳು ಗೆಲುವು ಬರೆದ್ರೆ ಇನ್ಯಾವನ್ದೋ ಹೆಸರಿಗೆ ಸುಳ್ಳು ಸೋಲು ಬರೆದಂಗಲ್ವೇನಮ್ಮಿ? ಅವನು ಮನೇಲಿ ಮಲಗಿದ್ದ, ಇಲ್ಲಿ ಸೋಲ್ಸವ್ರೆ.” ಆ ಹಗರಣದ ಬಗ್ಗೆ ಮುಂದೆ ನಾನು ಓದಿದ ಯಾವುದರಲ್ಲೂ ಇದಕ್ಕಿಂತ ಸರಿಯಾದ ಮಾತು ಸಿಗಲಿಲ್ಲ.

ಮಾವ ಹೋದ ಮೇಲೆ ಕಟ್ಟು ನನ್ನ ಪಾಲಿಗೆ ಬಂತು. ಕಟ್ಟಿನ ತಳದಲ್ಲಿ, ಪತ್ರಿಕೆಗಳದೇ ಅಳತೆಗೆ ಕತ್ತರಿಸಿದ ಒಂದು ಗೆರೆ ಪುಸ್ತಕವಿತ್ತು. ತೆರೆದರೆ ‘ದಿ ರಿಂಗ್’ ಪಟ್ಟಿಯ ಹಾಗೇ, ಲೆನ್ಸಿನಡಿ ಬರೆದಂಥ ಸಣ್ಣ ಕನ್ನಡ ಅಕ್ಷರದಲ್ಲಿ, ಮಾವನ ಸ್ವಂತ ದಾಖಲೆ. ವರ್ಷ ಮೇಲೆ, ತಿಂಗಳು, ಎದುರಾಳಿಯ ಹೆಸರು, ಜಾಗ, ಸುತ್ತು. ಗೆದ್ದಿದ್ದಕ್ಕೆ ‘ಗೆ’, ಸೋತಿದ್ದಕ್ಕೆ ‘ಸೋ’, ಸಮಕ್ಕೆ ‘ಸ’. 1968ರಿಂದ 1971ರವರೆಗೆ ಆರು ಪಂದ್ಯ. ಎರಡು ಗೆಲುವು, ಮೂರು ಸೋಲು, ಒಂದು ಸಮ. ನಮಗೆಲ್ಲ ಅವನು ಹೇಳಿದ್ದು ಎರಡು ಗೆಲುವಿನ ವಿಷಯ ಮಾತ್ರ. ಪುಸ್ತಕದಲ್ಲಿ ಸೋಲುಗಳೂ ಅಷ್ಟೇ ಅಚ್ಚುಕಟ್ಟಾಗಿ ಇದ್ದವು. ಸೋಲಿಸಿದವರ ಹೆಸರಿನ ಹಿಂದೆ ‘ಶ್ರೀ’ ಕೂಡ ಇತ್ತು. ಆರನೆಯ ಸಾಲಿನ ಕೊನೆಗೆ ಎರಡು ಪದ: ‘ಸೋ. ಎಡಗಣ್ಣು.’

ಅಮ್ಮನನ್ನು ಕೇಳಿದೆ. ಎಡಗಣ್ಣು ಊದಿ ಮುಚ್ಚಿಹೋಗಿತ್ತಂತೆ. ಒಂಬತ್ತು ದಿನ ಕಣ್ಣಿಗೆ ಲೆನ್ಸು ಸಿಕ್ಕಿಸಲಾಗದೆ ಸಂಬಳ ಕಳೆದುಕೊಂಡು ಮನೆಯಲ್ಲಿ ಕೂತನಂತೆ. ಹತ್ತನೆಯ ದಿನ ಬೆಳಿಗ್ಗೆ ಜಗಲಿಗೆ ಬಂದು, ವಾಚೊಂದನ್ನು ಬಿಚ್ಚಿ, ಒಳಗಿನ ಚಕ್ರ ಕಾಣುತ್ತದೆಯೇ ಎಂದು ನೋಡಿಕೊಂಡು ಅತ್ತನಂತೆ. “ಕಣ್ಣೇ ಅವನ ಅನ್ನ ಕಣೆ. ಅವತ್ತೇ ಗ್ಲೌಸು ಮೇಲಿಟ್ಟ” ಅಂದಳು ಅಮ್ಮ. ಗ್ರೆಬ್‌ನ ಹೆಸರು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಪುಸ್ತಕ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಹಾಳೆ ತಿರುವಿದರೆ ಇನ್ನೊಂದು ಸಾಲಿತ್ತು, ಏಳು ವರ್ಷ ಬಿಟ್ಟು. 1978, ಏಪ್ರಿಲ್. ಎದುರಾಳಿಯ ಜಾಗದಲ್ಲಿ ನನ್ನ ಹೆಸರು, ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವ ಹಾಗೆ ಇನಿಷಿಯಲ್ ಸಮೇತ. ಜಾಗ: ಶೆಟ್ಟಿಹಳ್ಳಿ, ಹಿತ್ತಲು. ಮೂರು ಸುತ್ತು. ತೀರ್ಪಿಲ್ಲ.

ನೆನಪಿದೆ. ಬೇಸಿಗೆ ರಜೆ, ನನಗೆ ಹತ್ತು ವರ್ಷ. ಗ್ಲೌಸು ನನ್ನ ಕೈಗೆ ದೊಡ್ಡದಾಗಿ ಜಾರುತ್ತಿದ್ದುದರಿಂದ ಒಳಗೆ ಹಳೇ ಪಂಚೆಯ ಚೂರು ತುರುಕಿದ್ದ. ಅವನು ತನ್ನ ಕೈಗೆ ಟವೆಲ್ ಸುತ್ತಿಕೊಂಡು, ಮಂಡಿಯೂರಿ ನನ್ನ ಎತ್ತರಕ್ಕೆ ಇಳಿದು, “ಗದ್ದ ಒಳಗೆ, ಕಣ್ಣು ನನ್ನ ಎದೆ ಮೇಲೆ” ಅನ್ನುತ್ತಿದ್ದ. ನುಗ್ಗೆ ಮರದ ಕೆಳಗೆ ಕೋಳಿಗಳು ಚೆದುರಿ ಓಡಿದವು. ಎರಡು ಸುತ್ತು ಆದ ಮೇಲೆ ನಾನು ಹೊಡೆದ ಒಂದು ಏಟು ಅವನ ಕೆನ್ನೆಗೆ ಸರಿಯಾಗಿ ತಾಗಿತು. ಅವನು ಎಡಗಣ್ಣು ಮುಟ್ಟಿ ನೋಡಿಕೊಂಡು ನಕ್ಕ. ಮೂರನೆಯದು ನಡೆಯುತ್ತಿದ್ದಾಗ ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದಳು. ಹೆಣ್ಣುಮಗು, ಸಂಜೆ ಹೊತ್ತು, ಹಾಲು ತರಬೇಕು ಅಂದಳು. ಮಾವ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. ನಾನು ಗ್ಲೌಸು ಬಿಚ್ಚಿ ಕೊಟ್ಟು, ಚೊಂಬು ಹಿಡಿದು ಹಾಲಿಗೆ ಹೋದೆ.