ನೇತ್ರಾಣಿಗೆ ಹೊರಡುವ ಮುನ್ನ
ಬಾಗಲಕೋಟೆಯವರಾದ ನಮಗೆ ನೀರು ಹೊಸದಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಹಲವು ಓಣಿಗಳನ್ನೇ ನುಂಗಿದೆ. ಆದರೆ ನೀರಿನೊಳಗೆ ಉಸಿರಾಡುತ್ತ ಬಣ್ಣದ ಮೀನುಗಳನ್ನು ಕಾಣಬೇಕಾದರೆ, ಮಳೆಗಾಲ ಕಳೆದ ಮೇಲೆ ಮುರುಡೇಶ್ವರದಲ್ಲಿ ದೋಣಿಯೇರಿ ನೇತ್ರಾಣಿ ದ್ವೀಪಕ್ಕೆ ಹೋಗತಕ್ಕದ್ದು.

ಕೈ ಬಿಗಿಯಾಗಿರುವ ಗೃಹಸ್ಥರು ಗಾಳಿಯ ಸಿಲಿಂಡರನ್ನಾಗಲಿ, ಉಸಿರೊದಗಿಸುವ ರೆಗ್ಯುಲೇಟರನ್ನಾಗಲಿ ಕೊಳ್ಳಬಾರದು. ಮುಳುಗಿಸುವವರೇ ಅವನ್ನು ಒದಗಿಸುವರು. ಅಗ್ಗವೆಂದು ಹಳೆಯ ರೆಗ್ಯುಲೇಟರನ್ನು ತರುವುದಂತೂ ಪ್ರಾಣದೊಡನೆ ಚೌಕಾಸಿ. ವರ್ಷವರ್ಷವೂ ಬಿಚ್ಚಿ ದುರಸ್ತಿ ಮಾಡಿಸಬೇಕಾದ ಯಂತ್ರವದು. ಹುನಗುಂದದಲ್ಲಿ ಅದನ್ನು ಮಾಡುವವರಾರು?

ಕೊಳ್ಳತಕ್ಕದ್ದು ಮುಖಕ್ಕೊಪ್ಪುವ ಮುಳುಗುಗನ್ನಡಕವೊಂದೇ. ಇಳಕಲ್ಲ ಸೀರೆಯ ಒಡಲಿಗೂ ಸೆರಗಿಗೂ ಹಾಕಿದ ಕೊಂಡಿಯ ಮೇಲೆ ಬೆರಳಾಡಿಸಿ ನೋಡುವಂತೆ ಇದನ್ನೂ ಪರೀಕ್ಷಿಸಿರಿ: ಪಟ್ಟಿ ಕಟ್ಟದೆ ಮುಖಕ್ಕೊತ್ತಿ ಮೂಗಿನಿಂದ ಮೆಲ್ಲನೆ ಉಸಿರೆಳೆದರೆ, ಕೈಬಿಟ್ಟರೂ ಅದು ಅಂಟಿಕೊಂಡಿರಬೇಕು. ಮೀಸೆಯುಳ್ಳವರಿಗೆ ಇದು ತುಸು ಕಷ್ಟವೇ! ಜಾರಿದರೆ, ಬೆಲೆ ಎಷ್ಟು ಇಳಿಸಿದರೂ ಅಂಗಡಿಯಲ್ಲೇ ಬಿಟ್ಟು ಬನ್ನಿರಿ.