ದತ್ತುಪತ್ರಕ್ಕಾಗಿ ಕಾದಿದ ಕೋಟೆ

ಧಾರವಾಡದಿಂದ ಬೆಳಗಾವಿಯತ್ತ ಹೆದ್ದಾರಿ ಹಿಡಿದು ಸುಮಾರು 30 ಕಿ.ಮೀ. ಸಾಗಿದರೆ ಕಿತ್ತೂರು ಸಿಗುತ್ತದೆ. ಇಲ್ಲಿನ ಕೋಟೆಯೊಳಗಿನ ಅರಮನೆಗೆ ಈಗ ಛಾವಣಿಯಿಲ್ಲ. ದಪ್ಪ ಗೋಡೆಗಳು, ನೀರಿನ ತೊಟ್ಟಿಗಳು ಮಾತ್ರ ಉಳಿದಿವೆ. ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಬಿಟ್ಟ ಕಿಂಡಿಗೆ ಕಣ್ಣಿಡದೆ ಮರಳುವ ಪ್ರವಾಸಿಗರು ಕಡಿಮೆ. ಆವರಣದಲ್ಲೇ ವಸ್ತುಸಂಗ್ರಹಾಲಯವೂ ಇದೆ.

ಕತ್ತಿ ಹಿಡಿದು ಕುದುರೆಯೇರಿದ ರಾಣಿ ಚೆನ್ನಮ್ಮನ ಚಿತ್ರ ಕನ್ನಡಿಗರಿಗೆಲ್ಲ ಗೊತ್ತು. ಆ ಕತ್ತಿ ಒರೆಯಿಂದ ಹೊರಬಂದದ್ದು ಒಂದು ದತ್ತುಪತ್ರದ ಸಲುವಾಗಿ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ.

ದೇಸಾಯಿ ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ಹಿರಿಯ ಹೆಂಡತಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. ಮಕ್ಕಳಿಲ್ಲದ ಆತ 1824ರ ಸೆಪ್ಟೆಂಬರಿನಲ್ಲಿ, ಬಾಲಕನೊಬ್ಬನನ್ನು ದತ್ತು ಪಡೆದು ಕಣ್ಣುಮುಚ್ಚಿದ. ಮನೆಯಲ್ಲಿ ಉಳಿದವರು ಅವನ ಎಳೆಯ ವಿಧವೆ ವೀರಮ್ಮ, ಮಲತಾಯಿ ಚೆನ್ನಮ್ಮ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಪತ್ರವನ್ನೇ ಶಂಕಿಸಿದ. ಕಂಪನಿ ದತ್ತುವನ್ನು ಒಪ್ಪಲಿಲ್ಲ. ಖಜಾನೆಗೆ ಕಾವಲು ಬಿತ್ತು.

ಕಾಗದದ ಲೆಕ್ಕದಲ್ಲಿ ಚೆನ್ನಮ್ಮನ ನೆಲೆ ತೆಳುವಾದದ್ದೇ. ಆಕೆ ಪಟ್ಟವೇರಿದವಳಲ್ಲ, ತೀರಿಕೊಂಡವನನ್ನು ಹೆತ್ತವಳಲ್ಲ, ದತ್ತು ಪಡೆದವಳೂ ಅಲ್ಲ. ಆದರೂ ಮನೆಯ ಹಿರಿಯಳಾಗಿ ಸಂಸ್ಥಾನದ ಹೊಣೆ ಹೊತ್ತು ಅಧಿಕಾರಿಗಳಿಗೆ ಪತ್ರ ಬರೆದಳು. ಪತ್ರಕ್ಕೆ ಫಲ ಸಿಗದಾಗ ಕೋಟೆಯ ಬಾಗಿಲು ಮುಚ್ಚಿಸಿದಳು.

1824ರ ಅಕ್ಟೋಬರ್ 23. ಬಾಗಿಲು ತೆರೆಯದಿದ್ದರೆ ತೋಪು ಹಾರಿಸುವುದಾಗಿ ಬೆದರಿಕೆ ಬಂತು. ಬಾಗಿಲು ತೆರೆಯಿತು, ಕಿತ್ತೂರಿನ ಪಡೆ ಹೊರಗೆ ನುಗ್ಗಿತು. ಥ್ಯಾಕರೆ ಹತನಾದ. ಸೆರೆಸಿಕ್ಕ ಅಧಿಕಾರಿಗಳಾದ ಎಲಿಯಟ್, ಸ್ಟೀವನ್ಸನ್‌ರನ್ನು ಜೀವಸಹಿತ ಕಾಪಾಡಿ ಮುಂದೆ ಬಿಟ್ಟುಕಳಿಸಲಾಯಿತು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂತು. ಆ ಕಾದಾಟದಲ್ಲಿ ಸೊಲ್ಲಾಪುರದ ಉಪಕಲೆಕ್ಟರ್ ಮನ್ರೋ ಸತ್ತನಾದರೂ ಕೋಟೆ ಉಳಿಯಲಿಲ್ಲ. ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮ 1829ರಲ್ಲಿ ತೀರಿಕೊಂಡಳು. ಅದೇ ದತ್ತುಪುತ್ರನನ್ನು ಗಾದಿಗೆ ತರಲು ಹೋರಾಡಿದ ಸಂಗೊಳ್ಳಿ ರಾಯಣ್ಣನಿಗೆ 1831ರಲ್ಲಿ ನಂದಗಡದಲ್ಲಿ ಗಲ್ಲಾಯಿತು.

ದತ್ತುವಿನ ನೆಪದಲ್ಲಿ ಸಂಸ್ಥಾನಗಳನ್ನು ನುಂಗಿದ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರಿನ ಕಾಳಗ ಮುಗಿದು 24 ವರ್ಷವಾದ ಮೇಲೆ. ಹಿಂದೂ ವಿಧವೆ ತನಗಾಗಿಯೇ, ತನ್ನದೇ ಹಕ್ಕಿನಿಂದ ದತ್ತು ಪಡೆಯಬಹುದೆಂದು ಕಾನೂನು ಹೇಳಿದ್ದು 1956ರಲ್ಲಿ. ಗಂಡನಿರುವ ಹೆಣ್ಣಿಗೆ, ಅವನ ಒಪ್ಪಿಗೆಯೊಂದಿಗೆ, ಆ ಹಕ್ಕು ದೊರೆತದ್ದು 2010ರಲ್ಲಿ.

ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವ ಆ ಒಂದು ದಿನದ ಗೆಲುವಿನ ನೆನಪು. ಉತ್ಸವಕ್ಕೆ ಹೋದವರು ಬೈಲಹೊಂಗಲಕ್ಕೂ ಹೋಗಿಬರಬೇಕು. ಚೆನ್ನಮ್ಮನ ಸಮಾಧಿ ಇರುವುದು ಅಲ್ಲಿ. ತನ್ನ ಮನೆಯ ಮಗುವಿನ ಪರವಾಗಿ ಮಾತಾಡುವ ಹಕ್ಕಿಗಾಗಿ ಒಬ್ಬ ಹೆಣ್ಣು ತೆತ್ತ ಬೆಲೆ ಎಷ್ಟೆಂದು ತಿಳಿಯುವುದೂ ಅಲ್ಲಿಯೇ.