ಮಾತು ನಿಲ್ಲಿಸಿದ ನೋಡ್

ಹತ್ತಾರು ಸರ್ವರ್‌ಗಳ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಬಳಸುವವರಿಗೆ ಅದೆಲ್ಲ ಒಂದೇ ಫೋಲ್ಡರ್ ಎಂಬಂತೆ ಕಾಣಿಸುವ ಏರ್ಪಾಡಿಗೆ ವಿತರಿತ ಫೈಲ್ ಸಿಸ್ಟಂ ಎನ್ನುತ್ತಾರೆ. ಅದರಲ್ಲಿ ಸೇರಿದ ಒಂದೊಂದು ಸರ್ವರೂ ಒಂದು ನೋಡ್. ಒಂದೇ ಫೈಲಿನ ಎರಡೋ ಮೂರೋ ಪ್ರತಿಗಳು ಬೇರೆ ಬೇರೆ ನೋಡ್‌ಗಳಲ್ಲಿ ಇರುವುದರಿಂದ ಒಂದು ಬಿದ್ದರೂ ಓದುವುದು ಬರೆಯುವುದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಿದ್ದದ್ದು ಏಕೆ ಬಿತ್ತು ಎಂದು ಹುಡುಕಿ, ಉಳಿದವುಗಳಿಗೆ ಧಕ್ಕೆಯಾಗದಂತೆ ಅದನ್ನು ಮತ್ತೆ ಸೇರಿಸುವ ಕೆಲಸ ಕಂಪ್ಯೂಟರ್ ಕಸುಬುಗಳಲ್ಲೇ ಬಹಳ ಸೊಗಸಾದದ್ದು. ಅತ್ತ ಬಳಸುವವರು ಏನೂ ತಿಳಿಯದೆ ತಮ್ಮ ಪಾಡಿಗೆ ಫೈಲ್ ತೆರೆಯುತ್ತ ಮುಚ್ಚುತ್ತ ಇರುತ್ತಾರೆ, ಇತ್ತ ರಿಪೇರಿ ನಡೆಯುತ್ತಿರುತ್ತದೆ. ಗಾಬರಿಗೆ ಎಡೆಯಿಲ್ಲದ ಕಡೆ ಯೋಚನೆಗೆ ಎಡೆ ಸಿಗುತ್ತದೆ. ಈ ಕೆಲಸಕ್ಕೆ ಒಮ್ಮೆ ಮನಸೋತವರು ಮತ್ತೆ ಬಿಡದಿರುವುದು ಅದಕ್ಕಾಗಿಯೇ.

ಇಂಥ ಫೈಲ್ ಸಿಸ್ಟಂಗಳಲ್ಲಿ ಕರ್ನಾಟಕಕ್ಕೆ ತೀರ ಹತ್ತಿರದ್ದು ಗ್ಲಸ್ಟರ್‌ಎಫ್‌ಎಸ್. ಆನಂದ್ ಬಾಬು ಪೆರಿಯಸಾಮಿ ಮತ್ತು ಜೊತೆಗಾರರು ಶುರುಮಾಡಿದ ಈ ಮುಕ್ತ ತಂತ್ರಾಂಶದ ಎಂಜಿನಿಯರಿಂಗ್ ಕೆಲಸದ ದೊಡ್ಡ ಪಾಲು ನಡೆದದ್ದು ಬೆಂಗಳೂರಿನಲ್ಲಿ. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಗ್ಲಸ್ಟರ್ ಕಂಪನಿಯನ್ನು ಕೊಂಡಿತು. ರೆಡ್ ಹ್ಯಾಟ್ ಮಾರುತ್ತಿದ್ದ ಗ್ಲಸ್ಟರ್ ಉತ್ಪನ್ನದ ಬೆಂಬಲ 2024ರ ಕೊನೆಗೆ ಮುಗಿಯಿತು. ಮೂಲ ಕೋಡ್ ಮಾತ್ರ ಈಗಲೂ ಎಲ್ಲರಿಗೂ ತೆರೆದಿದೆ. ರಿಪೇರಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಹಡೂಪ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಫೈಲು 128 ಎಂಬಿಯ ಬ್ಲಾಕ್‌ಗಳಾಗಿ ಒಡೆದು ಚದುರಿರುತ್ತದೆ, ಯಾವ ಚೂರು ಎಲ್ಲಿದೆ ಎಂಬ ಪಟ್ಟಿ ನೇಮ್‌ನೋಡ್ ಎಂಬ ಸರ್ವರಿನ ಬಳಿ ಇರುತ್ತದೆ. ಗ್ಲಸ್ಟರಿನಲ್ಲಿ ಅಂಥ ಯಜಮಾನ ಸರ್ವರೇ ಇಲ್ಲ. ಫೈಲಿನ ಹೆಸರಿನಿಂದಲೇ ಲೆಕ್ಕ ಹಾಕಿ ಅದರ ಜಾಗ ಗೊತ್ತುಮಾಡಲಾಗುತ್ತದೆ. ‘ಬ್ರಿಕ್’ ಎಂದು ಕರೆಯುವ ಡಿಸ್ಕಿನ ಭಾಗವನ್ನು ನೇರವಾಗಿ ತೆರೆದು ನೋಡಿದರೆ, ಸಾಮಾನ್ಯ ಜೋಡಣೆಯಲ್ಲಿ, ಅದೇ ಹೆಸರಿನ ಅದೇ ಫೈಲು ಇಡಿಯಾಗಿ ಕಣ್ಣಿಗೆ ಬೀಳುತ್ತದೆ. ಎಲ್ಲ ಕೆಟ್ಟರೂ ಕೈಗೆ ಏನೋ ಸಿಗುತ್ತದೆ ಎಂಬ ಭರವಸೆ ರಿಪೇರಿ ಮಾಡುವವರಿಗೆ ಸಣ್ಣದಲ್ಲ.

ಈ ರಿಪೇರಿಗೆ ಡಿಸ್ಕಿನ ಪಕ್ಕದಲ್ಲೇ ಕೂರಬೇಕೆಂದಿಲ್ಲ. 2020ರ ಮಾರ್ಚ್‌ನ ಲಾಕ್‌ಡೌನ್ ಬೆಂಗಳೂರಿನ ಕಂಪನಿಗಳಲ್ಲಿದ್ದ ಅನೇಕರನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಿಗೆ ಮರಳಿಸಿತು. ಅಡಿಕೆ ತೋಟದ ಮೇಲಿನ ಮನೆಯ ಅಟ್ಟ, ಜಗಲಿಯ ಮೂಲೆ ಆಫೀಸಾದವು. ಇಂಥ ಮನೆಯಲ್ಲಿ ವಿಡಿಯೊ ಮೀಟಿಂಗ್ ತೊಡಕಿನದು. ಟರ್ಮಿನಲ್ ಕೆಲಸಕ್ಕೆ ಆ ತೊಡಕಿಲ್ಲ. ದೂರದ ಸರ್ವರಿಗೆ ಜೋಡಿಸುವ ಎಸ್‌ಎಸ್‌ಎಚ್ ಮೂಲಕ ಹೋಗಿ ಬರುವುದು ಬರಿಯ ಅಕ್ಷರಗಳು. ಎರಡು ಗೆರೆ ಸಿಗ್ನಲ್ ಇರುವ ಮೊಬೈಲನ್ನು ಕಿಟಕಿಯ ಬಳಿ ಇಟ್ಟರೂ ನಡೆಯುತ್ತದೆ. ಆದರೆ ಒಂದು ನೇಮವನ್ನು ಮೀರುವಂತಿಲ್ಲ: ಕೆಲಸವನ್ನು ದೂರದ ಸರ್ವರಿನಲ್ಲೇ ಟಿಮಕ್ಸ್ ಎಂಬ ತಂತ್ರಾಂಶದ ಒಳಗೆ ಶುರುಮಾಡಬೇಕು. ಕರೆಂಟು ಹೋಗಿ ಮೋಡೆಮ್ ಆರಿದರೂ ಟಿಮಕ್ಸ್ ಒಳಗಿನ ಕೆಲಸ ಅಲ್ಲಿ ಸಾಗುತ್ತಿರುತ್ತದೆ. ಲೈನ್ ಬಂದ ಮೇಲೆ ಅದೇ ಸಾಲಿಗೆ ಹೋಗಿ ಕೂರಬಹುದು. ಟಿಮಕ್ಸ್ ಇಲ್ಲದೆ ಫೈಲ್ ಸಿಸ್ಟಂ ರಿಪೇರಿ ಶುರುಮಾಡಿ, ಸಂಪರ್ಕ ಕಡಿದು, ರಿಪೇರಿ ಅರ್ಧಕ್ಕೆ ಸತ್ತರೆ ಮೊದಲಿನ ಕಾಯಿಲೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ನೋಡ್ ಬಿದ್ದಿದೆ ಎಂಬ ಸಂದೇಶ ಬಂದಾಗ ನಿಜಕ್ಕೂ ಗೊತ್ತಿರುವುದು ಇಷ್ಟೇ: ಅದು ಉತ್ತರ ಕೊಡುತ್ತಿಲ್ಲ. ಸತ್ತಿದೆಯೋ ಸುಮ್ಮನಾಗಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಯಲ್ಲಾಪುರದ ಕಡೆ ಆಷಾಢದ ಮಳೆಗೆ ಮರ ಬಿದ್ದು ಹೆಸ್ಕಾಂ ವಿದ್ಯುತ್ ಲೈನ್ ಕಡಿಯುತ್ತದೆ, ಟವರ್ ಬ್ಯಾಟರಿ ಇರುವಷ್ಟು ಹೊತ್ತು ನಡೆದು ಮಲಗುತ್ತದೆ. ಬೆಂಗಳೂರಿನಿಂದ ಮಗ ಮಾಡಿದ ಫೋನು ಹೋಗುವುದಿಲ್ಲ. ಮನೆಯಲ್ಲಿ ಒಲೆ ಉರಿಯುತ್ತಿರುತ್ತದೆ, ಕೊಟ್ಟಿಗೆಯ ಕೆಲಸ ನಡೆದಿರುತ್ತದೆ. ಅದು ಮಗನಿಗೂ ಗೊತ್ತು, ನಾಳೆ ಮಾಡಿದರಾಯಿತು ಎಂದುಕೊಳ್ಳುತ್ತಾನೆ. ಆದರೆ 2021ರ ಜುಲೈನಲ್ಲಿ ಅದೇ ಕಡೆಯ ಕಳಚೆಯ ಗುಡ್ಡ ಕುಸಿದಾಗ, ಗುಳ್ಳಾಪುರದ ಸೇತುವೆ ಕೊಚ್ಚಿಹೋದಾಗ ಅದೇ ಮೌನವನ್ನು ಹಾಗೆ ಅರ್ಥಮಾಡಿಕೊಂಡು ಸುಮ್ಮನಿರಲು ಯಾರಿಗೆ ಸಾಧ್ಯವಿತ್ತು? ಎರಡು ದಿನವೂ ಫೋನು ಹೇಳುವುದು ಒಂದೇ ಮಾತು. ನೋಡ್‌ಗಳ ನಡುವಿನ ಮೌನವೂ ಹೀಗೆಯೇ. ಸಂದೇಶ ತಲುಪಲು ಇಷ್ಟೇ ಹೊತ್ತು ಎಂಬ ಮಿತಿ ಇಲ್ಲದ ಜಾಲದಲ್ಲಿ, ಒಂದೇ ಒಂದು ನೋಡ್ ಕೈಕೊಡುವ ಸಾಧ್ಯತೆ ಇದ್ದರೂ, ಉಳಿದವು ಖಚಿತವಾಗಿ ಒಮ್ಮತಕ್ಕೆ ಬರುವ ಗ್ಯಾರಂಟಿ ಕೊಡುವ ವಿಧಾನ ಇರಲಾರದು ಎಂದು ಫಿಶರ್, ಲಿಂಚ್, ಪ್ಯಾಟರ್ಸನ್ 1985ರಲ್ಲಿ ಗಣಿತದಿಂದಲೇ ತೋರಿಸಿದರು.

ಆದ್ದರಿಂದ ಪ್ರತಿಯೊಂದು ವ್ಯವಸ್ಥೆಯೂ ಎಷ್ಟು ಕಾಯಬೇಕು ಎಂದು ತನ್ನದೇ ಒಂದು ಗೆರೆ ಎಳೆದುಕೊಂಡಿದೆ. ಹಡೂಪ್‌ನಲ್ಲಿ ಬ್ಲಾಕ್‌ಗಳನ್ನು ಇಟ್ಟುಕೊಂಡ ಡೇಟಾನೋಡ್ 3 ಸೆಕೆಂಡಿಗೊಮ್ಮೆ ಇದ್ದೇನೆ ಎಂದು ಹೇಳುತ್ತಿರಬೇಕು; ಹೇಳದಿದ್ದರೂ ಅದನ್ನು ಸತ್ತದ್ದೆಂದು ಬರೆದುಕೊಳ್ಳುವುದು ಹತ್ತೂವರೆ ನಿಮಿಷದ ಮೇಲೆ. ಸೆಫ್ ಎಂಬ ಮತ್ತೊಂದು ವ್ಯವಸ್ಥೆ 20 ಸೆಕೆಂಡ್ ಉತ್ತರವಿಲ್ಲದಿದ್ದರೆ ಬಿದ್ದಿದೆ ಎನ್ನುತ್ತದೆ, ಆದರೆ ಅದರ ಪಾಲಿನ ದತ್ತಾಂಶವನ್ನು ಬೇರೆಡೆ ಕಟ್ಟಲು ತೊಡಗುವುದು 10 ನಿಮಿಷ ಕಾದು. ಗ್ಲಸ್ಟರ್ 42 ಸೆಕೆಂಡ್ ಕಾಯುತ್ತದೆ. ಆ ಹೊತ್ತಿನಲ್ಲಿ ಬಳಸುವವರ ಪರದೆ ಹೆಪ್ಪುಗಟ್ಟಿದಂತಾಗುವುದರಿಂದ ಅದನ್ನು 5ಕ್ಕೋ 10ಕ್ಕೋ ಇಳಿಸುವ ಚಪಲ ಹಲವರಿಗೆ ಇದೆ. ಇಳಿಸದಿರುವುದೇ ಲೇಸು. ಸಂಪರ್ಕ ಕಡಿದು ಮತ್ತೆ ಕೂಡುವಾಗ ತೆರೆದಿದ್ದ ಫೈಲುಗಳನ್ನೂ ಬೀಗಗಳನ್ನೂ ಒಂದೊಂದಾಗಿ ಮರುಸ್ಥಾಪಿಸಬೇಕಾಗುತ್ತದೆ. ಕ್ಷಣಕಾಲದ ತಡವರಿಕೆಗೆಲ್ಲ ಆ ಬೆಲೆ ತೆತ್ತರೆ ಇಡೀ ಕ್ಲಸ್ಟರ್ ಸುಸ್ತಾಗುತ್ತದೆ.

ಕೈ ಹಾಕುವ ಮೊದಲು ನೋಡುವುದು. ಗ್ಲಸ್ಟರಿನಲ್ಲಿ ಬದುಕಿರುವ ನೋಡ್ ಒಂದರಿಂದ ‘ಪೀರ್ ಸ್ಟೇಟಸ್’, ‘ವಾಲ್ಯೂಮ್ ಸ್ಟೇಟಸ್’, ‘ಹೀಲ್ ಇನ್ಫೊ’ ಎಂಬ ಮೂರು ಆಜ್ಞೆ ಕೊಟ್ಟರೆ ಚಿತ್ರ ತಕ್ಕಮಟ್ಟಿಗೆ ಮೂಡುತ್ತದೆ. ಮೂರೂ ಬರಿದೆ ಓದುವ ಆಜ್ಞೆಗಳು, ಏನನ್ನೂ ಬದಲಿಸುವುದಿಲ್ಲ. ಬಿದ್ದದ್ದು ಇಡೀ ಯಂತ್ರವೇ, ಅದರ ಒಂದು ಡಿಸ್ಕೇ, ಅಥವಾ ಡಿಸ್ಕನ್ನು ನೋಡಿಕೊಳ್ಳುವ ಪ್ರೊಸೆಸ್ ಮಾತ್ರವೇ? ರಿಪೇರಿಯ ದಾರಿ ಕವಲೊಡೆಯುವುದು ಇಲ್ಲಿ. ರೀಬೂಟ್ ಮಾಡಿಬಿಡುವುದು ಈ ಪ್ರಶ್ನೆಯನ್ನೇ ಅಳಿಸಿಹಾಕುತ್ತದೆ, ಅದರ ಜೊತೆಗೆ ಅರ್ಧದಷ್ಟು ಸಾಕ್ಷ್ಯವನ್ನೂ.

ಯಂತ್ರವೇ ಬಿದ್ದಿದ್ದರೆ ಹೇಳುವುದು ಹೆಚ್ಚಿಲ್ಲ. ಎದ್ದ ಮೇಲೆ ಹಿಂದಿನ ಬೂಟ್‌ನ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಬೇಕು. ಮೆಮೊರಿ ಸಾಲದೆ ಕರ್ನೆಲ್ ಯಾವುದೋ ಪ್ರೊಸೆಸನ್ನು ಕೊಂದಿದ್ದರೆ ಆ ಮಾತು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಲಾಗ್ ಯಾವ ಮುನ್ಸೂಚನೆಯೂ ಇಲ್ಲದೆ ಅರ್ಧ ವಾಕ್ಯಕ್ಕೆ ನಿಂತಿದ್ದರೆ ಅನುಮಾನ ಮೊದಲು ಹೋಗಬೇಕಾದದ್ದು ವಿದ್ಯುತ್ತಿನ ಕಡೆಗೆ.

ಡಿಸ್ಕಿನ ಕಥೆ ಹೆಚ್ಚು ರುಚಿಯದು. ಗ್ಲಸ್ಟರಿನ ಬ್ರಿಕ್ ಪ್ರೊಸೆಸ್ 30 ಸೆಕೆಂಡಿಗೊಮ್ಮೆ ತನ್ನ ಕೆಳಗಿನ ಫೈಲ್ ಸಿಸ್ಟಂ ಸರಿಯಿದೆಯೇ ಎಂದು ಪರೀಕ್ಷಿಸುತ್ತದೆ. ಸರಿಯಿಲ್ಲವೆಂದು ಕಂಡರೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಕೆಟ್ಟ ಡಿಸ್ಕಿನ ಮೇಲೆ ನಿಂತು ಸುಳ್ಳು ಉತ್ತರ ಕೊಡುವುದಕ್ಕಿಂತ ಇಲ್ಲವಾಗುವುದು ಮೇಲು ಎಂಬ ಈ ನಡವಳಿಕೆ ಇಡೀ ವ್ಯವಸ್ಥೆಯ ಅತ್ಯಂತ ಮೆಚ್ಚತಕ್ಕ ಗುಣ. ಇಲ್ಲಿ ಕ್ರ್ಯಾಶ್ ಎಂಬುದು ರೋಗವಲ್ಲ, ರೋಗದ ಸುದ್ದಿ. ಕರ್ನೆಲ್ ಲಾಗಿನಲ್ಲಿ ಐ/ಒ ದೋಷಗಳಿವೆಯೇ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ ಎಣಿಕೆ ಏರುತ್ತಿದೆಯೇ ಎಂದು ನೋಡಿದರೆ ಡಿಸ್ಕ್ ಬದಲಿಸಬೇಕೋ ಬೇಡವೋ ಎಂಬುದು ತೀರ್ಮಾನವಾಗುತ್ತದೆ. ಡಿಸ್ಕ್ ಗಟ್ಟಿಯಿದ್ದು ಮೇಲಿನ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಮಾತ್ರ ತೊಡಕಿಗೆ ಬಿದ್ದಿದ್ದರೆ ಅದನ್ನು ಒಮ್ಮೆ ಮೌಂಟ್ ಮಾಡಿ ತೆಗೆಯಬೇಕು. ಜರ್ನಲಿನಲ್ಲಿ ಬಾಕಿ ಉಳಿದಿದ್ದ ಬರಹಗಳು ಆಗ ತಾವಾಗಿ ಜಾರಿಯಾಗುತ್ತವೆ. ಆಮೇಲೆ ಏನನ್ನೂ ಬದಲಿಸದ ಪರೀಕ್ಷೆ, ಕೊನೆಗೆ ರಿಪೇರಿ. ಜರ್ನಲನ್ನೇ ಎಸೆದುಬಿಡುವ ಆಯ್ಕೆಯೂ ರಿಪೇರಿ ಆಜ್ಞೆಯಲ್ಲಿದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದನ್ನು ಮುಟ್ಟತಕ್ಕದ್ದು.

ಇನ್ನೊಂದು ಬಲೆ ಇದೆ. ರೀಬೂಟ್ ಆದ ಮೇಲೆ ಡಿಸ್ಕ್ ಮೌಂಟ್ ಆಗದಿದ್ದರೆ ಬ್ರಿಕ್ ಇರಬೇಕಾದ ಜಾಗದಲ್ಲಿ ಖಾಲಿ ಡೈರೆಕ್ಟರಿ ಮಾತ್ರ ಉಳಿಯುತ್ತದೆ. ಗ್ಲಸ್ಟರ್ ಒಂದೊಂದು ಬ್ರಿಕ್ಕಿನ ಮೇಲೂ ಅದು ಸೇರಿದ ವಾಲ್ಯೂಮಿನ (ಬ್ರಿಕ್‌ಗಳು ಕೂಡಿ ಆಗುವ ಸಂಗ್ರಹದ) ಗುರುತನ್ನು ಕಣ್ಣಿಗೆ ಕಾಣದ ಗುಣವಿವರವಾಗಿ ಬರೆದಿರುತ್ತದೆ. ಖಾಲಿ ಡೈರೆಕ್ಟರಿಯಲ್ಲಿ ಆ ಗುರುತು ಸಿಗದ ಕಾರಣ ಪ್ರೊಸೆಸ್ ಶುರುವಾಗಲು ಒಪ್ಪುವುದಿಲ್ಲ. ಅವಸರಗೇಡಿಗಳು ಆ ಗುರುತನ್ನು ಕೈಯಾರೆ ಬರೆದುಕೊಟ್ಟುಬಿಡುತ್ತಾರೆ. ಆಗ ಪ್ರೊಸೆಸ್ ಸಂತೋಷದಿಂದ ಎದ್ದು, ತನ್ನ ಪಾಲಿನ ಫೈಲುಗಳ ಪ್ರತಿಯನ್ನು ಸಿಸ್ಟಂ ಡಿಸ್ಕಿಗೆ ಸುರಿಯತೊಡಗುತ್ತದೆ. ಅದು ತುಂಬಿ ಯಂತ್ರವೇ ಮಲಗುತ್ತದೆ. ಶುರುವಾಗದ ಪ್ರೊಸೆಸ್ಸಿಗೆ ಒಂದು ಕಾರಣ ಇರುತ್ತದೆ, ಅದನ್ನು ಕೇಳಿಸಿಕೊಳ್ಳಬೇಕು.

ಪ್ರೊಸೆಸ್ ಮಾತ್ರ ಬಿದ್ದಿದ್ದರೆ ಬ್ರಿಕ್ಕಿನ ಲಾಗ್ ತೆರೆಯಬೇಕು. ಕೊನೆಯಲ್ಲಿ ಬಾಕಿಯಿದ್ದ ಕೆಲಸಗಳು, ಬಂದ ಸಿಗ್ನಲಿನ ಸಂಖ್ಯೆ, ಬಿದ್ದ ಸಮಯ, ಆ ಕ್ಷಣದಲ್ಲಿ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಬ್ಯಾಕ್‌ಟ್ರೇಸ್ ಎಲ್ಲವೂ ಒಂದರ ಕೆಳಗೊಂದು ಇರುತ್ತವೆ. ಸಿಗ್ನಲ್ 11 ಎಂದಿದ್ದರೆ ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದೆ. 6 ಎಂದಿದ್ದರೆ ಏನೋ ತಪ್ಪಾಗಿದೆ ಎಂದು ಕಂಡುಕೊಂಡು ತಾನೇ ನಿಂತಿದೆ. ಬಿದ್ದ ಕ್ಷಣದ ಮೆಮೊರಿಯ ನಕಲಾದ ಕೋರ್ ಡಂಪ್ ಸಿಕ್ಕರೆ ಜಿಡಿಬಿ ಎಂಬ ಡೀಬಗರಿನಲ್ಲಿ ತೆರೆದು ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ತೆಗೆಸಬೇಕು. ಅದನ್ನು ಕೆಳಗಿನಿಂದ ಮೇಲಕ್ಕೆ ಓದುವುದು ರೂಢಿ. ಬೇಡಿಕೆ ನೆಟ್‌ವರ್ಕ್‌ನಿಂದ ಒಳಬಂದು, ಪದರದಿಂದ ಪದರಕ್ಕೆ ಇಳಿದು, ಎಲ್ಲಿ ಮುಗ್ಗರಿಸಿತು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಎಲ್ಲೋ ಒಬ್ಬರು ಬರೆದ ಕೋಡು ಇನ್ನೆಲ್ಲೋ ಬಿದ್ದ ಆ ಒಂದು ಕ್ಷಣ ಹಾಗೆಯೇ ನಿಂತಿರುತ್ತದೆ. ಅದನ್ನು ನೋಡುವ ಸುಖಕ್ಕೆ ಗಂಟೆಗಳು ಹೋದದ್ದು ತಿಳಿಯುವುದಿಲ್ಲ. ಹೊರಗೆ ಮಳೆ ಸುರಿಯುತ್ತಿರುವ ಸಿದ್ದಾಪುರದ ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದಂಥವು.

ಪ್ರೊಸೆಸ್ಸನ್ನು ಎಬ್ಬಿಸುವುದು ಸುಲಭ. ‘ವಾಲ್ಯೂಮ್ ಸ್ಟಾರ್ಟ್’ ಆಜ್ಞೆಗೆ ‘ಫೋರ್ಸ್’ ಸೇರಿಸಿ ಕೊಟ್ಟರೆ ನಿಂತ ಬ್ರಿಕ್‌ಗಳಷ್ಟೇ ಶುರುವಾಗುತ್ತವೆ, ನಡೆಯುತ್ತಿರುವವಕ್ಕೆ ತೊಂದರೆಯಿಲ್ಲ. ಹೆಸರು ಒರಟಾದರೂ ಕೆಲಸ ಮೃದುವಾದದ್ದು.

ನಿಜವಾದ ಸೂಕ್ಷ್ಮ ಇರುವುದು ಎದ್ದ ಮೇಲೆ. ನೋಡ್ ಮಲಗಿದ್ದಾಗ ಬದಲಾದ ಫೈಲುಗಳು ಅದರ ಬಳಿ ಹಳೆಯವಾಗಿಯೇ ಇವೆ. ಬದುಕಿದ್ದ ಬ್ರಿಕ್‌ಗಳು ಅಂಥ ಫೈಲುಗಳ ಪಟ್ಟಿ ಇಟ್ಟುಕೊಂಡಿರುತ್ತವೆ. ಹೀಲ್ ಮಾಡುವ ಪ್ರೊಸೆಸ್ 10 ನಿಮಿಷಕ್ಕೊಮ್ಮೆ ಪಟ್ಟಿ ನೋಡಿ ಹೊಸದನ್ನು ಹಳೆಯದರ ಮೇಲೆ ಬರೆಯುತ್ತದೆ. ಯಾವುದು ಹೊಸದು? ಒಂದೊಂದು ಪ್ರತಿಯ ಜೊತೆಗೂ ಉಳಿದ ಪ್ರತಿಗಳಿಗೆ ಎಷ್ಟು ಬರಹ ಬಾಕಿಯಿದೆ ಎಂಬ ಎಣಿಕೆ ಇರುತ್ತದೆ. ಒಂದು ಇನ್ನೊಂದರ ಮೇಲೆ ಬಾಕಿ ತೋರಿಸಿ, ಅದು ಇದರ ಮೇಲೆ ತೋರಿಸದಿದ್ದರೆ ತೀರ್ಪು ಸುಲಭ. ಎರಡೂ ಒಂದರ ಮೇಲೊಂದು ಬಾಕಿ ತೋರಿಸಿದರೆ ಅದು ಸ್ಪ್ಲಿಟ್‌ಬ್ರೇನ್. ಆ ಫೈಲನ್ನು ತೆರೆಯಲು ಹೋದವರಿಗೆ ದೋಷದ ಸಂದೇಶ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಎರಡೇ ಪ್ರತಿ ಇಟ್ಟವರಿಗೆ ಈ ಭಯ ತಪ್ಪಿದ್ದಲ್ಲ. ಮೂರು ಪ್ರತಿ ಇದ್ದರೆ ಬಹುಮತ ಕಾಯುತ್ತದೆ. ಮೂರನೆಯದಕ್ಕೆ ಡಿಸ್ಕ್ ಸಾಲದವರು ಆರ್ಬಿಟರ್ ಇಡುತ್ತಾರೆ. ಅದರಲ್ಲಿ ಫೈಲಿನ ಹೆಸರು, ಗುಣವಿವರ ಮಾತ್ರ ಇದ್ದು ಒಳಗಿನ ತಿರುಳು ಇರುವುದಿಲ್ಲ, ಆದರೂ ಜಗಳ ಬಗೆಹರಿಸಲು ಅದು ಸಾಕು.

ಸ್ಪ್ಲಿಟ್‌ಬ್ರೇನ್ ಬಿಡಿಸುವಾಗ ಗ್ಲಸ್ಟರ್ ಮೂರು ದಾರಿ ಕೊಡುತ್ತದೆ: ದೊಡ್ಡ ಫೈಲನ್ನು ನಂಬು, ಕೊನೆಗೆ ಬದಲಾದದ್ದನ್ನು ನಂಬು, ಇಂಥ ಬ್ರಿಕ್ಕನ್ನು ನಂಬು. ಸಮಯ ನೋಡಿ ನಂಬುವವರು ಎರಡೂ ಯಂತ್ರಗಳ ಗಡಿಯಾರ ಒಂದೇ ಹೇಳುತ್ತಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಸಾಲು ಸೇರುತ್ತಲೇ ಹೋಗುವ ಲಾಗ್ ಫೈಲಿಗೆ ದೊಡ್ಡದೇ ಸರಿ ಇರಬಹುದು. ಡೇಟಾಬೇಸಿಗೆ ಆ ಲೆಕ್ಕ ನಡೆಯುವುದಿಲ್ಲ. ಆ ಫೈಲು ಯಾರದೋ ಅವರನ್ನು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು, ಮತ್ತು ಏನನ್ನು ಆರಿಸಿದರೂ ಸೋತ ಪ್ರತಿಯನ್ನು ಮೊದಲೇ ಬೇರೆಡೆ ಎತ್ತಿಡಬೇಕು.

ಹೀಲ್ ನಡೆಯುವಾಗ ಮತ್ತೊಂದು ನೋಡ್‌ಗೆ ಕೈ ಹಚ್ಚುವಂತಿಲ್ಲ. ಅಪ್‌ಡೇಟ್ ಬಾಕಿಯಿದೆ, ಹೇಗೂ ಕುಳಿತಿದ್ದೇವೆ, ಎರಡನೆಯದನ್ನೂ ರೀಬೂಟ್ ಮಾಡೋಣ ಎಂಬ ಯೋಚನೆ ಬರುವುದು ಆಗಲೇ. ಆ ಗಳಿಗೆಯಲ್ಲಿ ಕೆಲವು ಫೈಲುಗಳ ಸರಿಯಾದ ಪ್ರತಿ ಆ ಎರಡನೆಯದರಲ್ಲಿ ಮಾತ್ರ ಇರಬಹುದು. ಬಾಕಿಯ ಎಣಿಕೆ ಎಲ್ಲ ಬ್ರಿಕ್‌ಗಳಲ್ಲೂ ಸೊನ್ನೆಗೆ ಇಳಿಯುವವರೆಗೆ ಕಾಯುವುದೇ ಕೆಲಸ. ಟೆರಾಬೈಟ್‌ಗಟ್ಟಲೆ ಇದ್ದರೆ ಅದು ದಿನಗಳನ್ನೇ ತಿನ್ನಬಹುದು. ಎಣಿಕೆ ಇಳಿಯದೆ ಒಂದೇ ಕಡೆ ನಿಂತಿದ್ದರೆ ಹೀಲ್ ಲಾಗಿನಲ್ಲಿ ಆ ಫೈಲಿನ ಗುರುತು ಹುಡುಕಬೇಕು. ಬಿಡುಗಡೆಯಾಗದ ಬೀಗವೋ, ಒಂದು ಬ್ರಿಕ್ ಮತ್ತೆ ಸಂಪರ್ಕ ಕಳೆದುಕೊಂಡದ್ದೋ ಕಾರಣವಾಗಿರಬಹುದು.

ಡಿಸ್ಕ್ ಬದಲಿಸಿದ್ದರೆ ಅದೇ ಜಾಗದಲ್ಲಿ ‘ರಿಸೆಟ್ ಬ್ರಿಕ್’ ಆಜ್ಞೆಯಿಂದ ಖಾಲಿ ಬ್ರಿಕ್ಕನ್ನು ಸೇರಿಸಿ ಪೂರ್ಣ ಹೀಲ್ ಓಡಿಸಬೇಕು. ಅದಾದ ಮೇಲೆ ಬಿಟ್‌ರಾಟ್ ಪತ್ತೆಯನ್ನು ಆನ್ ಮಾಡಿಡುವುದು ಒಳ್ಳೆಯದು. ಫೈಲನ್ನು ಮುಚ್ಚಿ 120 ಸೆಕೆಂಡ್ ಕಳೆದ ಮೇಲೆ ಗ್ಲಸ್ಟರ್ ಅದರ ಚೆಕ್‌ಸಮ್ ಬರೆದಿಡುತ್ತದೆ, ಎರಡು ವಾರಕ್ಕೊಮ್ಮೆ ಓದಿ ಹೋಲಿಸುತ್ತದೆ. ಯಾವ ದೋಷವನ್ನೂ ಹೇಳದೆ ತಪ್ಪು ಬೈಟ್ ಕೊಡುವ ಡಿಸ್ಕ್ ಬೇರೆ ಯಾವ ಪರೀಕ್ಷೆಗೂ ಸಿಗದೆ ಇದಕ್ಕೆ ಸಿಕ್ಕಿಬೀಳುತ್ತದೆ. ಅಂಥ ಫೈಲನ್ನು ಆ ಬ್ರಿಕ್ಕಿನಿಂದ ತೆಗೆದು, ಒಳ್ಳೆಯ ಪ್ರತಿಯಿಂದ ಹೀಲ್ ಮಾಡಿಸಿಕೊಳ್ಳಬಹುದು.